ಚಿಕ್ಕಪ್ಪನ ಕೋವಿ ಗಿಡ್ಡವಾದದ್ದು

ಮಲೆನಾಡಿನ ಹಳೇ ಮನೆಯಲ್ಲಿ ಕೋವಿ ಪಾಲಾಗುವಾಗ ಹುಟ್ಟುವಷ್ಟು ಮನಸ್ತಾಪ ಗದ್ದೆ ಪಾಲಾಗುವಾಗಲೂ ಹುಟ್ಟುವುದಿಲ್ಲ. ಗದ್ದೆಗಾದರೆ ನಡುವೆ ಒಂದು ಬದು ಹಾಕಬಹುದು. ಒಂಟಿ ನಳಿಗೆಯ ಕೋವಿಗೆ ಬದು ಎಲ್ಲಿ ಹಾಕುವುದು?

ನಮ್ಮಲ್ಲಿ ಅದು ಚಿಕ್ಕಪ್ಪನ ಪಾಲಿಗೆ ಬಂತು. ಲೈಸೆನ್ಸೂ ಅವರ ಹೆಸರಿಗಾಯಿತು. ಅಜ್ಜ ಆರಡಿಯ ಆಳು, ಕೋವಿಯೂ ಅವರ ಅಳತೆಯದೇ. ಚಿಕ್ಕಪ್ಪನದು ಅಜ್ಜಿಯ ಕಡೆಯ ಎತ್ತರ. ಕೋವಿಯನ್ನು ಹೆಗಲಿಗೆ ಆನಿಸಿದರೆ ಬೆರಳು ಟ್ರಿಗರಿಗೆ ಎಟುಕದು. ಬೆರಳು ಎಟುಕಿಸಿಕೊಂಡರೆ ಹಿಂಬದಿಯ ಮರ ಕಂಕುಳಿಗಿಳಿಯುತ್ತಿತ್ತು. ಸಾಲದ್ದಕ್ಕೆ ಮುಪ್ಪಿನ ರೋಗಗಳು. ಕುದುರೆಯ ಸ್ಪ್ರಿಂಗು ಸೋತಿತ್ತು. ತೋಟಾ ತುಂಬಲು ಮಡಚುವ ಕೀಲು ಸಡಿಲವಾಗಿ, ಮಡಚಬೇಡ ಎಂದಾಗಲೂ ಮಡಚಿಕೊಳ್ಳುತ್ತಿತ್ತು. ಮರದ ಕುತ್ತಿಗೆ ಬಿರಿದಿದ್ದಕ್ಕೆ ಅಜ್ಜ ಎಂದೋ ತಾಮ್ರದ ತಂತಿ ಸುತ್ತಿದ್ದರು.

ಇಷ್ಟಾಗಿ ಈ ಕೋವಿಗೆ ಕೆಲಸವೇನು ಎಂದರೆ ಸದ್ದು ಮಾಡುವುದು. ಬಾಳೆಗೆ ಮಂಗ ಬಂದಾಗ, ಗದ್ದೆಗೆ ಹಂದಿ ಇಳಿದಾಗ ಆಕಾಶಕ್ಕೊಂದು ಈಡು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಹಂದಿಯನ್ನೂ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಹಂದಿಗಳಿಗೆ ಇದು ಹೇಗೋ ಗೊತ್ತಾಗಿದೆ ಎಂಬುದು ಚಿಕ್ಕಪ್ಪನ ಬಲವಾದ ಗುಮಾನಿ.

"ಹೊಸದೊಂದು ತಗೊಳ್ಳಿ" ಎಂದೆ. ಚಿಕ್ಕಪ್ಪ ನನ್ನನ್ನು ನೋಡಿದ ರೀತಿಗೆ ಮಂಗ ತಾನಾಗೇ ಓಡಿಹೋಗುತ್ತಿತ್ತು. ಅಡಿಕೆ ರೇಟು ಏರಿದಾಗ ಮನುಷ್ಯ ಜೀಪು ಕೊಂಡಾನು, ಕೋವಿಗೆ ದುಡ್ಡು ಬಿಚ್ಚುವುದಿಲ್ಲ. ಅವರ ಯೋಜನೆ ಅಗ್ಗದ್ದು: "ಎಂತ ಮಾರಾಯ, ಮುಂದಿನ ಅರ್ಧ ಮೊಳ ಕೊಯ್ದರೆ ಆಯ್ತಲ್ಲ. ಭಾರವೂ ಕಡಿಮೆ, ಉದ್ದವೂ ಕಡಿಮೆ. ಗರಗಸ ಆಚಾರಿ ಹತ್ರ ಉಂಟು."

ಪುಣ್ಯಕ್ಕೆ ಆಚಾರಿ ಚಿಕ್ಕಪ್ಪನಿಗಿಂತ ಬುದ್ಧಿವಂತ. "ಕತ್ತಿ ತನ್ನಿ, ಹಾರೆ ತನ್ನಿ, ಇದನ್ನು ಮಾತ್ರ ಒಳಗೆ ತರಬೇಡಿ" ಎಂದು ಕುಲುಮೆಯ ಬಾಗಿಲಲ್ಲೇ ತಡೆದ. ಕೋವಿ ರಿಪೇರಿ ಮಾಡುವವನಿಗೂ ಲೈಸೆನ್ಸು ಬೇಕು. ಹಾಗಾಗಿ ಗೋಣಿಯಲ್ಲಿ ಸುತ್ತಿ, ಕಾಗದಪತ್ರ ಜೇಬಿಗಿಟ್ಟು, ಜೀಪಿನಲ್ಲಿ ಜಿಲ್ಲಾ ಕೇಂದ್ರದ ಕೋವಿ ಅಂಗಡಿಗೆ ನಮ್ಮ ಸವಾರಿ ಹೊರಟಿತು.

ಅಂಗಡಿಯ ಯಜಮಾನರು ಮೂಗಿನ ತುದಿಗೆ ಕನ್ನಡಕ ಇಳಿಸಿ ಎಲ್ಲ ಕೇಳಿದರು. "ನಳಿಗೆ ಕೊಯ್ಯುವುದೋ? 1959ರ ಆಯುಧ ಕಾಯ್ದೆ, ಆರನೇ ಕಲಂ. ಅದಕ್ಕೆಂದೇ ಬೇರೆ ಲೈಸೆನ್ಸು ಇಲ್ಲದೆ ಕೊಯ್ದರೆ ನಾನೂ ಒಳಗೆ, ನೀವೂ ಒಳಗೆ."

"ನಮ್ಮಪ್ಪನ ನಳಿಗೆ ನಾನು ಕೊಯ್ದರೆ ಸರ್ಕಾರಕ್ಕೇನು ನಷ್ಟ?"

"ಗಿಡ್ಡ ಕೋವಿ ಪಂಚೆಯೊಳಗೆ ಅಡಗುತ್ತದೆ ರಾಯರೇ. ಉದ್ದದ್ದು ಅಡಗುವುದಿಲ್ಲ. ಸರ್ಕಾರಕ್ಕೆ ಬೇಕಾದದ್ದು ಅಷ್ಟೇ."

ಚಿಕ್ಕಪ್ಪ ತಮ್ಮ ಪಂಚೆಯನ್ನೊಮ್ಮೆ ನೋಡಿಕೊಂಡರು. ಯಜಮಾನರು ಬಿಡಲಿಲ್ಲ. ನಳಿಗೆಯ ಬಾಯಿ ಒಳಗೆ ಕೂದಲೆಳೆಯಷ್ಟು ಕಿರಿದಾಗಿರುತ್ತದಂತೆ, ಅದರ ಹೆಸರು ಚೋಕು. ಚರೆ ಚೆದುರದೆ ಒಟ್ಟಾಗಿ ಹೋಗುವುದು ಅದರಿಂದ. ತುದಿ ಕೊಯ್ದರೆ ಮೊದಲು ಹೋಗುವುದೇ ಅದು. ಹನ್ನೆರಡು ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ಹನ್ನೆರಡು ಗುಂಡು ಎರೆದರೆ ಒಂದೊಂದೂ ಈ ನಳಿಗೆಗೆ ಸರಿಹೊಂದುವ ಲೆಕ್ಕ, ಸುಮಾರು 18.5 ಮಿಲಿಮೀಟರ್ ಎಂಬ ಪಾಠವೂ ಆಯಿತು. ಪಾಠಕ್ಕೆ ಚಾರ್ಜಿಲ್ಲ ಎಂದು ಖಚಿತವಾದ ಮೇಲೆ ಚಿಕ್ಕಪ್ಪ ಗಮನವಿಟ್ಟು ಕೇಳಿದರು.

ಮಾತು ಕೊಡಗಿಗೆ ಹೊರಳಿತು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಗೋಜಿಲ್ಲ, ವಿನಾಯಿತಿ ಪತ್ರ ಸಾಕು. ಅದನ್ನು 2029ರವರೆಗೆ ಮುಂದುವರಿಸಿಯೂ ಆಗಿದೆ. ಕೈಲ್ ಪೊಳ್ದಿಗೆ ಕೋವಿಗೆ ಹೂವಿಟ್ಟು ಪೂಜೆ. "ನಾವೇನು ಆಯುಧಪೂಜೆಗೆ ಕುಂಕುಮ ಹಚ್ಚುವುದಿಲ್ಲವೋ?" ಎಂದರು ಚಿಕ್ಕಪ್ಪ. ಕಳೆದ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಆಗಲೂ ಕೀಲಿನಲ್ಲಿ ಕೂತಿತ್ತು. ಸಡಿಲವಾಗಿದ್ದ ಕೀಲನ್ನು ಅಷ್ಟಾದರೂ ಹಿಡಿದಿದ್ದದ್ದು ಅದೇ ಎಂದು ಆಮೇಲೆ ತಿಳಿಯಿತು.

ಕೊನೆಗೆ ಯಜಮಾನರು ಟೇಪು ತೆಗೆದು ಕೋವಿಯನ್ನು ಬಿಟ್ಟು ಚಿಕ್ಕಪ್ಪನ ತೋಳನ್ನು ಅಳೆದರು. "ಉದ್ದ ಇರುವುದು ಮುಂದಲ್ಲ, ಹಿಂದೆ. ಮರವನ್ನು ಒಂದೂವರೆ ಅಂಗುಲ ಕೊಯ್ಯುವಾ. ಅದಕ್ಕೆ ಯಾವ ಕಲಮೂ ಇಲ್ಲ." ಸ್ಪ್ರಿಂಗು ಬದಲಾಯಿತು, ಕೀಲು ಬಿಗಿಯಾಯಿತು, ತಂತಿ ಹೋಗಿ ಅಂಟು ಬಂತು. ಹಳೇ ಸ್ಪ್ರಿಂಗನ್ನೂ ತಂತಿಯನ್ನೂ ತೂಕಕ್ಕೆ ಹಾಕಿ ಬಿಲ್ಲಿನಲ್ಲಿ ಕಳೆಯಿರಿ ಎಂದು ಚಿಕ್ಕಪ್ಪ ಹಟ ಹಿಡಿದರು. ಅದು ನಡೆಯದಿದ್ದಾಗ ಕೊಯ್ದ ಮರದ ತುಂಡನ್ನು ಜೇಬಿಗೆ ಹಾಕಿಕೊಂಡರು. ಒಳ್ಳೇ ವಾಲ್ನಟ್ ಮರ, ಬಿಟ್ಟುಬರುವುದುಂಟೇ?

ಕೋವಿ ಈಗ ಹೆಗಲಿಗೆ ಚೆನ್ನಾಗಿ ಕೂತಿತು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು, ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಪ್ರತಿ ಚುನಾವಣೆಗೂ ಈ ಕೋವಿಯನ್ನು ಕಂಡಿದ್ದ ಪೇದೆಗೆ ಅನುಮಾನ ಬಂತು. "ಗಿಡ್ಡ ಆದ ಹಾಗಿದೆಯಲ್ಲ?" ನಳಿಗೆ ಅಳೆದ, 30 ಅಂಗುಲ, ಕೂದಲಷ್ಟೂ ಕಮ್ಮಿಯಿಲ್ಲ. ಆದರೂ ಸಮಾಧಾನವಿಲ್ಲ. ಚಿಕ್ಕಪ್ಪ ಗಂಭೀರವಾಗಿ ಜೇಬಿನಿಂದ ಮರದ ತುಂಡು ತೆಗೆದು ಕೋವಿಯ ಹಿಂದೆ ಹಿಡಿದು ತೋರಿಸಿದರು. ಪೇದೆ ಶಿಸ್ತಿನ ಮನುಷ್ಯ, ರಸೀದಿ ಬರೆದ: ಒಂಟಿ ನಳಿಗೆ ಕೋವಿ ಒಂದು, ಮರದ ತುಂಡು ಒಂದು. ಎರಡನ್ನೂ ಇಟ್ಟುಕೊಂಡ.

ಆ ಸಲ ಮಂಗಗಳ ಕಾರ್ಯಕ್ರಮ ನಿರಾತಂಕವಾಗಿ ನಡೆಯಿತು. ಫಲಿತಾಂಶ ಬಂದಮೇಲೆ ಹೋದರೆ ಕೋವಿ ಇದೆ, ತುಂಡು ಇಲ್ಲ. ರಸೀದಿಯಲ್ಲಿ ಎರಡಿರುವಾಗ ಒಂದಕ್ಕೆ ರುಜು ಹಾಕಲು ಚಿಕ್ಕಪ್ಪ ಒಪ್ಪಲಿಲ್ಲ. ಹಾಕಿಸಿಕೊಳ್ಳದೆ ಕೋವಿ ಕೊಡಲು ಪೇದೆ ಒಪ್ಪಲಿಲ್ಲ. ಇಬ್ಬರೂ ಸೇರಿ ಬೀರುವಿನ ಸಂದಿಯನ್ನೂ ಕಿಟಕಿಯ ಅಂಚನ್ನೂ ಹುಡುಕಿದರು. ಕಡೆಗೆ ಚಿಕ್ಕಪ್ಪ ರುಜು ಹಾಕಲೆಂದೇ ಬಗ್ಗಿದಾಗ, ಸದಾ ಅಲ್ಲಾಡುತ್ತಿದ್ದ ಠಾಣೆಯ ಮೇಜು ಅಂದು ಅಲ್ಲಾಡಲಿಲ್ಲ.