ಎರಡು ಬೆರಳಿನ ಲೆಕ್ಕ

ಅಮ್ಮ ನನ್ನ ಕಾರಿನೊಳಗೆ ಇಳಿದದ್ದು ಸುಲಭವಾಗಿ. ಹೊರಗೆ ಬರುವುದಕ್ಕೆ ಮೂರು ಜನ ಬೇಕಾಯಿತು. ನಾನು ಕೈ ಹಿಡಿದೆ, ಹೆಂಡತಿ ತೋಳು ಹಿಡಿದಳು, ಪಕ್ಕದ ಮನೆಯ ಅಮೆರಿಕನ್ ಹುಡುಗ ಏನು ಹಿಡಿಯಬೇಕೆಂದು ತಿಳಿಯದೆ ಅಮ್ಮನ ಪರ್ಸು ಹಿಡಿದುಕೊಂಡ. ಅಂತೂ ಎದ್ದುನಿಂತ ಅಮ್ಮ ಸೆರಗು ಸರಿಮಾಡಿಕೊಂಡು, "ಕಾರು ಅಂದರೆ ಹತ್ತಬೇಕು ಕಣೋ. ಇದೇನು, ಬಾವಿಗೆ ಇಳಿದ ಹಾಗೆ!" ಎಂದಳು.

ಆ ಬಾವಿಯ ಹೆಸರು ಮಜ್ದಾ ಮಿಯಾಟಾ. 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಶೋನಲ್ಲಿ ಮೊದಲು ಮುಖ ತೋರಿಸಿದ ಕಾರು. ಬ್ರಿಟಿಷರ ಹಳೆಯ ತೆರೆದ ಸ್ಪೋರ್ಟ್ಸ್ ಕಾರುಗಳ ಚೆಲುವನ್ನು ಮಾತ್ರ ಎರವಲು ಪಡೆದು, ಅವುಗಳ ರಗಳೆಯನ್ನು ಅಲ್ಲೇ ಬಿಟ್ಟು ಜಪಾನೀಯರು ಕಟ್ಟಿದ್ದು. 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಎರಡೇ ಎರಡು ಸೀಟು. ಅತ್ತೆ ಸೊಸೆಯರನ್ನು ಒಟ್ಟಿಗೆ ಕರೆದುಕೊಂಡು ಹೋಗಲಾಗದು ಎಂಬುದು ಅದರ ದೋಷವೋ ಗುಣವೋ, ಆ ಬಗ್ಗೆ ನಾನು ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ದೀಪ ಹಾಕಿದರೆ ಬಾನೆಟ್ಟಿನಿಂದ ಎರಡು ಕಣ್ಣು ಮೇಲೇಳುತ್ತವೆ. ಗದ್ದೆಯ ಬದುವಿನಲ್ಲಿ ಅಂಥವನ್ನು ಬೇಕಾದಷ್ಟು ಕಂಡಿದ್ದ ಅಮ್ಮ, ಬಂದ ದಿನವೇ ಅದಕ್ಕೆ 'ಏಡಿ' ಎಂದು ನಾಮಕರಣ ಮಾಡಿದ್ದಳು.

"ಮಾರಿಬಿಡಿ ರೀ" ಎಂದಳು ಹೆಂಡತಿ. ಇದು ಅವಳು ಪ್ರತಿ ಯುಗಾದಿಗೂ ಹೇಳುವ ಮಾತು.

"ಕಾರಿನ ತಪ್ಪಲ್ಲ, ಸ್ಪ್ರಿಂಗ್ ಕೂತು ಎರಡು ಬೆರಳು ತಗ್ಗಿದೆ" ಎಂದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ತೋರಿಸಿದೆ. ಬಲಗಡೆ ಎರಡು ಬೆರಳು ಸಲೀಸಾಗಿ ಹೋದವು. ಎಡಗಡೆ ಎರಡನೆಯದು ಸಿಕ್ಕಿಹಾಕಿಕೊಂಡಿತು. ಅಮೆರಿಕದ ಕಾರಿನಲ್ಲಿ ಓಡಿಸುವವನು ಎಡಗಡೆ ಕೂರುತ್ತಾನೆ. ಹೆಂಡತಿ ಬೆರಳನ್ನೊಮ್ಮೆ ನೋಡಿದಳು, ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಹೇಳಿದ್ದರೇ ಚೆನ್ನಾಗಿತ್ತು.

ನಾನಾದರೂ ಅಪರಾಧವನ್ನು ಉಪ್ಪಿನ ಮೇಲೆ ಹಾಕಿದೆ. ನಾವಿರುವುದು ಡೆಟ್ರಾಯಿಟ್ ಪಕ್ಕದಲ್ಲಿ. ಜಗತ್ತಿಗೆ ಕಾರು ಕೊಟ್ಟ ಈ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಚೆಲ್ಲುವುದು ಇಂಥ ಉಪ್ಪನ್ನೇ. ಮೇಲೆ ಕಾರು ಮಾಡುವವರು, ಕೆಳಗೆ ಅದನ್ನು ತಿನ್ನುವ ಉಪ್ಪು ಅಗೆಯುವವರು! ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯನ್ನು ಈ ಊರಿನ ಕಾರುಗಳಷ್ಟು ನಿಷ್ಠೆಯಿಂದ ಪಾಲಿಸುವವರು ಬೇರೆ ಯಾರೂ ಇಲ್ಲ. ಸ್ಪ್ರಿಂಗಿನ ಬಣ್ಣ ಎದ್ದ ಕಡೆ ತುಕ್ಕು ಸಣ್ಣ ಸಣ್ಣ ಗುಳಿ ತೋಡುತ್ತದೆ. ಗುಳಿಯಿಂದ ಬಿರುಕು ಹುಟ್ಟುತ್ತದೆ. ಒಂದು ದಿನ ಕೆಳಗಿನ ಸುತ್ತು ಟಪ್ಪೆಂದು ಮುರಿಯುತ್ತದೆ.

ಹೊಸ ಸ್ಪ್ರಿಂಗುಗಳು ಬಂದವು, ನಾಲ್ಕಕ್ಕೆ ನಾಲ್ಕೂ. ಸ್ಪ್ರಿಂಗನ್ನು ಜೋಡಿಯಾಗಿಯೇ ಬದಲಿಸಬೇಕು, ಇಲ್ಲವಾದರೆ ಒಂದು ಕಡೆ ಏರು, ಒಂದು ಕಡೆ ತಗ್ಗು. ಪಕ್ಕದ ಮನೆಯ ಹುಡುಗನಿಗೆ ನನ್ನ ತಲೆ ಕೆಟ್ಟಿದೆಯೆಂದು ಖಾತ್ರಿಯಾಯಿತು. ಅವನ ವಯಸ್ಸಿನವರು ಕಾರು ತಗ್ಗಿಸಲು ದುಡ್ಡು ಕೊಡುತ್ತಾರೆ. ನನ್ನದು ಪುಕ್ಕಟೆಯಾಗಿ ತಗ್ಗಿತ್ತು, ನಾನು ಎತ್ತಲು ದುಡ್ಡು ಕೊಟ್ಟಿದ್ದೆ. ಹಳೆಯ ಸ್ಪ್ರಿಂಗಿನಿಂದ ಒಂದು ಸುತ್ತು ಕತ್ತರಿಸಿದರೆ ಇನ್ನೂ ಚೆಂದ ಕೂರುತ್ತದೆ ಎಂದ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಇನ್ನೂ ಗಡುಸಾಗುತ್ತದಪ್ಪ, ಪ್ರತಿ ಗುಂಡಿಯೂ ಬೆನ್ನುಮೂಳೆಯ ತನಕ ಬರುತ್ತದೆ ಎಂದೆ. ಬೆನ್ನುಮೂಳೆ ಎಂಬುದೊಂದಿದೆ ಎಂದು ಗೊತ್ತಾಗುವ ವಯಸ್ಸು ಅವನದಲ್ಲ.

ಸ್ಪ್ರಿಂಗಿನ ಮೂಲಸೂತ್ರ ಕಂಡುಕೊಂಡ ರಾಬರ್ಟ್ ಹುಕ್ 1676ರಲ್ಲಿ ಅದನ್ನು ನೇರವಾಗಿ ಹೇಳದೆ, ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ. ಉಪ್ಪಿನಕಾಯಿಯ ಹದ ಹೇಳಿಯೂ ಹೇಳದಂತೆ ಹೇಳುವ ನಮ್ಮ ದೊಡ್ಡಮ್ಮನ ಜಾತಿ. ಅವನ ಗುಟ್ಟು ಇಷ್ಟೇ: ಹೇರಿದ ಭಾರಕ್ಕೆ ತಕ್ಕಷ್ಟು ಸ್ಪ್ರಿಂಗ್ ಬಾಗುತ್ತದೆ. ಅದನ್ನು ಓದುವಾಗಲೇ ನನಗೊಂದು ವಿಷಯ ಹೊಳೆದದ್ದು. ಹಳೆಯ ಸ್ಪ್ರಿಂಗ್ ಮೆತ್ತಗಾಗಿದೆ ಎನ್ನುತ್ತೇವಲ್ಲ, ಅದು ಸುಳ್ಳು. ವರ್ಷಗಟ್ಟಲೆ ಹೊತ್ತು ಹೊತ್ತು ಅದರ ಎತ್ತರ ಕುಗ್ಗುತ್ತದೆ. ಉಕ್ಕಿನ ಬಿಗುಪು ಇದ್ದಷ್ಟೇ ಇರುತ್ತದೆ.

ಆ ಬಿಗುಪಿನ ಪರಿಚಯ ಶನಿವಾರ ಆಯಿತು. ಮಿಯಾಟಾದ ನಾಲ್ಕೂ ಚಕ್ರಗಳಿಗೆ ಮೇಲೊಂದು ಕೆಳಗೊಂದು ತೋಳು, ನಡುವೆ ಶಾಕ್ ಅಬ್ಸಾರ್ಬರನ್ನು ಅಪ್ಪಿಕೊಂಡ ಸ್ಪ್ರಿಂಗ್. ಎಲ್ಲವನ್ನೂ ಇಡಿಯಾಗಿ ಹೊರತೆಗೆದು, ಎರಡು ಕಡೆಯಿಂದ ಕೊಕ್ಕೆ ಹಾಕಿ, ಬೋಲ್ಟು ತಿರುಗಿಸುತ್ತಾ ಸ್ಪ್ರಿಂಗನ್ನು ಅಮುಕಬೇಕು. ಕೊಕ್ಕೆಯ ಸಾಧನವನ್ನು ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತಾರೆ. ಠೇವಣಿ ಸಾಧನಕ್ಕೆ, ಪ್ರಾಣಕ್ಕಲ್ಲ. ಲೆಕ್ಕ ಹಾಕಿದೆ: ಹಾಗೆ ಅಮುಕಿದ ಸ್ಪ್ರಿಂಗಿನೊಳಗಿನ ಶಕ್ತಿ, 15 ಕೆ.ಜಿ. ಒರಳುಕಲ್ಲು ಒಂದು ಮೀಟರ್ ಎತ್ತರದಿಂದ ಕಾಲ ಮೇಲೆ ಬಿದ್ದಂತೆ. ಲೆಕ್ಕ ಹಾಕಬಾರದಿತ್ತು. ಅಲ್ಲಿಂದ ಪ್ರತಿ ತಿರುವಿಗೂ ಒಂದು ರಾಮನಾಮ.

ಬಂಪ್ ಸ್ಟಾಪ್ ಎಂಬ ಮೆತ್ತೆ, ಮುಟ್ಟಿದೊಡನೆ ಹಳಸಿದ ಮೈಸೂರು ಪಾಕಿನಂತೆ ಪುಡಿಯಾಯಿತು. ಅಮ್ಮ ಕಾಫಿ ತಂದು, ಹಳೆಯ ಸ್ಪ್ರಿಂಗನ್ನೂ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿ ಬೆರಳಿನಿಂದ ಅಳೆದಳು. "ಒಂದೂ ಕಾಲು ಬೆರಳು ಗಿಡ್ಡ. ನೀನು ಎರಡು ಅಂದಿದ್ದೆ."

"ಸ್ಪ್ರಿಂಗ್ ಕೂರೋದು ತೋಳಿನ ನಡುವೆ ಅಮ್ಮಾ. ಅಲ್ಲಿ ಒಂದು ಬೆರಳು ಕುಗ್ಗಿದರೆ ತುದಿಯ ಚಕ್ರದ ಹತ್ತಿರ ಒಂದೂವರೆ ಆಗುತ್ತೆ."

"ಮನೆಯಲ್ಲಿ ಆಡಿದ ಮಾತು ಸಂಬಂಧಿಕರ ಹತ್ತಿರ ಹೋಗೋ ಹಾಗೆ" ಎಂದಳು. ಮೆಕ್ಯಾನಿಕಲ್ ಎಂಜಿನಿಯರಿಂಗಿನ ನಾಲ್ಕು ವರ್ಷಗಳಲ್ಲಿ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಆಮೇಲೆ ಹಳೆಯ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸುತ್ತಾ, "ನಾನೂ ಹೀಗೇ. ಸೀರೆ ಈಗ ಎರಡು ಬೆರಳು ಎತ್ತಿ ಉಡಬೇಕು, ಇಲ್ಲದಿದ್ದರೆ ಕಾಲಿಗೆ ತೊಡರುತ್ತೆ" ಎಂದಳು.

ಭಾನುವಾರ ಸಂಜೆ ಎಲ್ಲ ಬೋಲ್ಟುಗಳನ್ನೂ ಬಿಗಿದು, ಜಾಕ್ ಇಳಿಸಿ, ಎದೆಯುಬ್ಬಿಸಿ ನಿಂತಾಗ ನೆನಪಾಯಿತು: ತೋಳಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ನೆಲದ ಮೇಲೆ ನಿಂತು ಭಾರ ಹೊತ್ತಾಗಲೇ ಕೊನೆಯ ಬಿಗಿ ಬಿಗಿಯಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರು ಜೀವಮಾನವಿಡೀ ಸೊಟ್ಟ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮತ್ತೆ ಎಲ್ಲ ಸಡಿಲಿಸಿ, ಕಾರಿನಡಿ ತೆವಳಿ, ಮತ್ತೆ ಬಿಗಿದೆ. ಸೋಮವಾರ ಅಲೈನ್‌ಮೆಂಟ್ ಮಾಡಿಸಿದೆ. ಅಲ್ಲಿಗೆ ನಾಲ್ಕು ಬೆರಳು ತೂರುವಷ್ಟು ಜಾಗ, ಎರಡೂ ಕಡೆ.

ಅಮ್ಮನನ್ನು ಕೂರಿಸಿಕೊಂಡು ಕೆರೆಯ ಸುತ್ತ ಒಂದು ಸುತ್ತು ಹೊಡೆದೆ. ಗುಂಡಿ ಬಂದಾಗ ಅವಳು ಬಾಗಿಲು ಹಿಡಿದುಕೊಂಡಳು. ಏಡಿ ತಣ್ಣಗೆ ಹಾರಿ ತಣ್ಣಗೆ ಇಳಿಯಿತು. ಮನೆ ಮುಂದೆ ಬಾಗಿಲು ತೆಗೆದು ಕೈ ಚಾಚಿದೆ. ಹೆಂಡತಿ ಮೆಟ್ಟಿಲ ಮೇಲೆಯೇ ನಿಂತಿದ್ದಳು, ಪಕ್ಕದ ಹುಡುಗ ಪರ್ಸಿಗಾಗಿ ಕಾಯುತ್ತಿದ್ದ. ಅಮ್ಮ ನನ್ನ ಮಣಿಕಟ್ಟು ಹಿಡಿದು, ಒಮ್ಮೆ ತೂಗಿ, ಒಂದೇ ಏಟಿಗೆ ಎದ್ದು ನಿಂತಳು.

"ನೋಡಿದೆಯಾ, ಎರಡು ಬೆರಳು ಏರಿಸಿದ್ದಕ್ಕೆ!" ಎಂದೆ.

"ಅದು ಎರಡು ಬೆರಳು ಏರಿತು, ನಾನು ಎರಡು ಬೆರಳು ಇಳಿದೆ. ಲೆಕ್ಕ ಸಮ. ದುಡ್ಡು ಹೋದದ್ದೊಂದೇ ಬಂತು" ಎಂದು ಸೆರಗು ಕೊಡವಿಕೊಂಡು ಒಳಗೆ ನಡೆದಳು.

ನನ್ನ ಮಣಿಕಟ್ಟಿನ ಮೇಲೆ ಅವಳ ಐದು ಬೆರಳಿನ ಗುರುತು ರಾತ್ರಿ ಊಟದ ಹೊತ್ತಿಗೂ ಕೆಂಪಗೇ ಇತ್ತು.