ಮುದಿ ಜಿಪ್ಸಿಯ ಪಾದಪೂಜೆ

ಫೋರ್ ವೀಲ್ ಡ್ರೈವ್ ವಾಹನ, ಅಂದರೆ ಎಂಜಿನ್ನಿನ ಬಲವನ್ನು ಎಂದಿನಂತೆ ಹಿಂದಿನ ಎರಡು ಗಾಲಿಗಳಿಗೆ ಕೊಡುತ್ತ, ಕೆಸರು ಕಂಡಾಗ ಒಂದು ಲಿವರ್ ಎಳೆದರೆ ಮುಂದಿನ ಎರಡಕ್ಕೂ ಹಂಚುವ ಗಾಡಿ, ಮಲೆನಾಡಿನ ಮತ್ತು ಕೊಡಗಿನ ತೋಟದ ಮನೆಗಳಲ್ಲಿ ಹಳೆಯದಾದಷ್ಟೂ ಯಂತ್ರಗಳ ಸಾಲಿನಿಂದ ಹಿರಿಯರ ಸಾಲಿಗೆ ಬಡ್ತಿ ಪಡೆಯುತ್ತದೆ. ಅದರ ಕೆಮ್ಮು, ಗೊಣಗಾಟ, ಆಷಾಢದ ಬೆಳಿಗ್ಗೆ ಏಳಲೊಪ್ಪದ ಹಟ ಇವೆಲ್ಲವನ್ನೂ ಮನೆಮಂದಿ ಸಹಿಸಿಕೊಂಡು ಹೋಗುತ್ತಾರೆ. ಆದರೆ ಮನೆಯ ಹಿರಿಯರಿಗೆ ವಯಸ್ಸಾದಾಗ ಮೆತ್ತನೆಯ ಚಪ್ಪಲಿ ತಂದುಕೊಡುವ ಅದೇ ಮನೆಯವರಿಗೆ, ಜಿಪ್ಸಿಗೆ ಇಪ್ಪತ್ತು ತುಂಬಿದ ಕೂಡಲೇ ಎರಡು ಸೈಜು ದೊಡ್ಡ ಗಂಬೂಟು ತೊಡಿಸಬೇಕೆಂಬ ಆಸೆ ಏಕೆ ಹುಟ್ಟುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಾರುತಿ ಸಂಸ್ಥೆ 1985ರಲ್ಲಿ ಜಿಪ್ಸಿಯನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು 970 ಸಿ.ಸಿ. ಎಂಜಿನ್, ಮುಂದೆ 1.3 ಲೀಟರಿನ ‘ಜಿಪ್ಸಿ ಕಿಂಗ್’ ಬಂದಿತು. ಈ ಕಿಂಗ್‌ನ ಕಾಲಿಗೆ ಕಾರ್ಖಾನೆಯವರು ತೊಡಿಸಿದ ಟೈರಿನ ಪಕ್ಕೆಯ ಮೇಲೆ 205/70 ಆರ್ 15 ಎಂದು ಬರೆದಿರುತ್ತದೆ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ‘ಆರ್’ ಎಂದರೆ ರೇಡಿಯಲ್, ಎಂದರೆ ಒಳಗಿನ ದಾರದ ಪದರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿರುವ ಟೈರು (ಓರೆಯಾಗಿ ಹಾಯ್ದಿದ್ದರೆ ಅದನ್ನು ಪೇಟೆಯಲ್ಲಿ ‘ನೈಲಾನ್ ಟೈರು’ ಎನ್ನುತ್ತಾರೆ). ಕೊನೆಯ 15 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಬಟ್ಟೆಯನ್ನು ಮೊಳದಲ್ಲಿ ಅಳೆದು, ಹೊಲಿಗೆಯನ್ನು ಶೇಕಡಾದಲ್ಲಿ ಹೇಳಿ, ಗುಂಡಿಯನ್ನು ಸೇರಿನಲ್ಲಿ ಕೊಡುವ ದರ್ಜಿಯ ಬಳಿಗೆ ಯಾರೂ ಎರಡನೆಯ ಸಲ ಹೋಗಲಾರರು. ಟೈರಿನ ವ್ಯವಹಾರದಲ್ಲಿ ಮಾತ್ರ ಜಗತ್ತೇ ಈ ಪದ್ಧತಿಗೆ ತಲೆಬಾಗಿದೆ.

ಈ ಲೆಕ್ಕವನ್ನು ಬಿಡಿಸಿದರೆ ಮೂಲ ಟೈರಿನ ಎತ್ತರ 668 ಮಿಲಿಮೀಟರ್ ಆಗುತ್ತದೆ. ಒಡೆಯನ ಕಣ್ಣು ನೆಟ್ಟಿರುವ 235/75 ಆರ್ 15 ಟೈರಿನದು 733 ಮಿಲಿಮೀಟರಿಗೆ ತುಸು ಹೆಚ್ಚು. ವ್ಯತ್ಯಾಸ ಅರವತ್ತೈದು ಮಿಲಿಮೀಟರ್ ಎಂದು ತಿಳಿದಾಗ ಆತನ ಮುಖ ಅರಳುವುದು ಸಹಜ, ಆದರೆ ಅಕ್ಷದಂಡ ಗಾಲಿಯ ನಡುವಿನಲ್ಲಿರುವುದರಿಂದ ಅದಕ್ಕೆ ದಕ್ಕುವುದು ಈ ವ್ಯತ್ಯಾಸದ ಅರ್ಧ ಮಾತ್ರ. ಎರಡು ಗಾಲಿಗಳ ನಡುವೆ ಗುಂಡಗೆ ಜೋತುಬಿದ್ದು ದಾರಿಯ ಪ್ರತಿಯೊಂದು ಕಲ್ಲಿಗೂ ತಲೆಕೊಡುವ ಡಿಫರೆನ್ಷಿಯಲ್ ಪೆಟ್ಟಿಗೆ, ಗ್ಯಾರೇಜಿನವರ ಮಾತಿನಲ್ಲಿ ‘ಹೌಸಿಂಗ್’, ಇಷ್ಟೆಲ್ಲ ಖರ್ಚಿನ ನಂತರ ಮೇಲೇಳುವುದು ಸುಮಾರು 33 ಮಿಲಿಮೀಟರ್, ಅಂದರೆ ಒಂದೂಕಾಲು ಇಂಚು. ಹೌಸಿಂಗನ್ನು ಎತ್ತಲು ದೊಡ್ಡ ಟೈರಿನ ಹೊರತು ಸುಲಭವಾದ ಬೇರೆ ಮಾರ್ಗವಿಲ್ಲ ಎಂಬುದೂ ಸತ್ಯವೇ. ಲೀಫ್ ಸ್ಪ್ರಿಂಗುಗಳಿಗೆ ಪ್ಲೇಟು ಸೇರಿಸಿದರೆ ಗಾಡಿಯ ಮೈ ಎದ್ದು ನಿಲ್ಲುತ್ತದೆಯೇ ಹೊರತು ಹೌಸಿಂಗ್ ಇದ್ದಲ್ಲೇ ಇರುತ್ತದೆ. ಆದ್ದರಿಂದ ಈ ಒಂದೂಕಾಲು ಇಂಚನ್ನು ಹೀಗಳೆಯುವಂತಿಲ್ಲ, ಅದರ ಬೆಲೆಯನ್ನು ಮಾತ್ರ ವಿಚಾರಿಸಬೇಕು.

ಬೆಲೆ ಟೈರಿನಂಗಡಿಯ ರಶೀದಿಯಲ್ಲಿ ಮುಗಿಯುವುದಿಲ್ಲ. ಅಗಲವಾದ ಟೈರು ಹಳೆಯ ಕಿರಿದಾದ ರಿಮ್ಮಿನ ಮೇಲೆ ಉಬ್ಬಿ ಕೂರುವುದರಿಂದ ರಿಮ್ಮು ಬದಲಾಗಬೇಕು. ಹೊಸ ರಿಮ್ಮು ಗಾಲಿಯನ್ನು ಹೊರಕ್ಕೆ ತಳ್ಳುವುದರಿಂದ ಬೇರಿಂಗು ಬೇಗ ಸವೆಯುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಲೀಫ್ ಸ್ಪ್ರಿಂಗಿಗೋ ಮಡ್ಗಾರ್ಡಿಗೋ ಉಜ್ಜುವುದರಿಂದ ಒಂದೋ ತಗಡನ್ನು ಕತ್ತರಿಸಬೇಕು, ಇಲ್ಲವೇ ಮೈಯನ್ನು ಎತ್ತಬೇಕು. ಮೈ ಎತ್ತಿದರೆ ಪ್ರೊಪೆಲ್ಲರ್ ಶಾಫ್ಟಿನ ಓರೆ ಬದಲಾಗಿ ಅದರ ಕೀಲುಗಳು ಕಟಕಟ ಎನ್ನತೊಡಗುತ್ತವೆ. ಗಾಲಿಯ ಒಂದೊಂದು ಸುತ್ತೂ ಈಗ ಹೆಚ್ಚು ನೆಲವನ್ನು ನುಂಗುವುದರಿಂದ ಗಾಡಿಯನ್ನು ಮುಂದೆ ನೂಕುವ ಬಲ ಸುಮಾರು ಶೇಕಡಾ 9ರಷ್ಟು ಇಳಿಯುತ್ತದೆ, ಮತ್ತು ನಿನ್ನೆಯವರೆಗೆ ಎರಡನೆಯ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಜಿಪ್ಸಿ ಇಂದು ಮೊದಲನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುತ್ತದೆ. ಇದಕ್ಕೆ ಪರಿಹಾರ ಕ್ರೌನ್ ಪಿನಿಯನ್ ಬದಲಾವಣೆ, ಎಂದರೆ ಹೌಸಿಂಗಿನೊಳಗಿನ ಹಲ್ಲುಚಕ್ರಗಳ ಜೋಡಿಯನ್ನೇ ಬೇರೆ ಹಾಕುವುದು. ಈ ಮಾತನ್ನು ಮೆಕ್ಯಾನಿಕ್ ಎತ್ತಿದ ದಿನ ಮನೆಯಲ್ಲಿ ಕಾಫಿಯ ಬೆಲೆ ಕುಸಿದ ದಿನದ ಮೌನ ಆವರಿಸುತ್ತದೆ. ಪವರ್ ಸ್ಟೀರಿಂಗ್ ಎಂಬ ಸೌಕರ್ಯ ಕಾಣದ ಜಿಪ್ಸಿಯನ್ನು ನಿಂತಲ್ಲೇ ತಿರುಗಿಸುವಾಗ ಒಡೆಯನ ರಟ್ಟೆಗಾಗುವ ವ್ಯಾಯಾಮವನ್ನು ಬೇಕಿದ್ದರೆ ಲಾಭದ ಖಾತೆಗೆ ಬರೆದುಕೊಳ್ಳಬಹುದು.

ವೇಗದ ಮೀಟರಿನ ಸಂಗತಿ ಇನ್ನೂ ಸ್ವಾರಸ್ಯಕರ. ಅದು ಗಾಲಿಯ ಸುತ್ತುಗಳನ್ನು ಎಣಿಸಿ ವೇಗ ಹೇಳುತ್ತದೆಯಾದ್ದರಿಂದ, ಮುಳ್ಳು 60 ತೋರಿಸುವಾಗ ಗಾಡಿ ಸುಮಾರು 66ರಲ್ಲಿ ಓಡುತ್ತಿರುತ್ತದೆ, 100 ಕಿಲೋಮೀಟರ್ ಓಡಿದ್ದನ್ನು ಮೀಟರು 91 ಎಂದು ಬರೆದುಕೊಳ್ಳುತ್ತದೆ. ಭಾರದ ಟೈರಿನಿಂದ ಮೈಲೇಜು ನಿಜವಾಗಿಯೂ ಇಳಿದದ್ದು ಒಂದು, ಮೀಟರಿನ ಸುಳ್ಳಿನಿಂದ ಇಳಿದಂತೆ ಕಂಡದ್ದು ಇನ್ನೊಂದು, ಹೀಗೆ ಒಡೆಯನಿಗೆ ಎರಡು ದುಃಖ. ಗಾಡಿ ಮಾರುವಾಗ ಓಡಿದ ದೂರ ಕಡಿಮೆ ಕಾಣುತ್ತದೆ ಎಂಬುದೊಂದೇ ಸಮಾಧಾನ.

ಟೈರಿನ ಮೈಮೇಲಿನ ಗ್ರಿಪ್ಪಿನ ಕೆತ್ತನೆಯಲ್ಲಿ ಮೂರು ಜಾತಿಗಳಿವೆ. ಹೈವೇ ಟೆರೇನ್ ಡಾಂಬರಿಗೆ, ಆಲ್ ಟೆರೇನ್ ಎರಡಕ್ಕೂ ಸಲ್ಲುವಂಥದ್ದು, ಮಡ್ ಟೆರೇನ್ ಕೆಸರಿಗೆ. ಮೂರನೆಯದರ ದಪ್ಪ ದಪ್ಪ ಗಟ್ಟಿಗಳ ನಡುವಿನ ಅಗಲವಾದ ಸಂದುಗಳು ಕೆಸರನ್ನು ಕಚ್ಚಿ ಉಗುಳಲೆಂದೇ ಇರುವಂಥವು, ಆದರೆ ಡಾಂಬರಿನ ಮೇಲೆ ಅವು ಹೆಜ್ಜೇನು ಎದ್ದಂತಹ ಗುಂಯ್‌ಗಾನ ಹೊರಡಿಸುತ್ತವೆ, ಒದ್ದೆ ಡಾಂಬರಿನಲ್ಲಿ ಬ್ರೇಕಿಗೆ ಬೇಗ ಒಪ್ಪುವುದೂ ಇಲ್ಲ. ತಿಂಗಳಿನಲ್ಲಿ ಹೆಚ್ಚಿನ ದಿನ ಸಕಲೇಶಪುರದ ಪೇಟೆಗೆ ಹೋಗಿ ಗೊಬ್ಬರದ ಮೂಟೆ ತರುವ ಗಾಡಿಗೆ ಆಲ್ ಟೆರೇನ್ ಧಾರಾಳವಾಗಿ ಸಾಕು. ಹಾಗಿದ್ದೂ ಅಂಗಡಿಯವನು “ಹಾಕಿಸಿದ್ರೆ ಇದನ್ನೇ ಹಾಕಿಸ್ಬೇಕು ಸಾರ್, ಗಾಡಿ ಗತ್ತೇ ಬೇರೆ ಆಗತ್ತೆ” ಎನ್ನುತ್ತಾನೆ. ಆ ‘ಗತ್ತು’ ಎಂಬ ಪದಕ್ಕೆ ಟೈರುಶಾಸ್ತ್ರದಲ್ಲಿ ಅಳತೆಯಿಲ್ಲದಿರುವುದರಿಂದ ಅದನ್ನು ಖಂಡಿಸಲೂ ಬರುವುದಿಲ್ಲ.

ವಿಚಿತ್ರವೆಂದರೆ, ಮಲೆನಾಡಿನ ಕೆಸರು ಅಗಲದ ಟೈರನ್ನು ಕೇಳಿಯೇ ಇಲ್ಲ. ಮರಳಿನಲ್ಲಿ, ತಳವೇ ಸಿಗದ ಜೌಗಿನಲ್ಲಿ ಅಗಲದ ಟೈರು ಭಾರವನ್ನು ಹರಡಿ ತೇಲಿಸುತ್ತದೆ ಎಂಬುದು ನಿಜ. ಆದರೆ ಇಲ್ಲಿನ ತೋಟದ ದಾರಿಗಳಲ್ಲಿ ಮೇಲೊಂದು ಪದರ ಜಾರುವ ಮಣ್ಣು, ಅದರಡಿ ಜಂಬಿಟ್ಟಿಗೆಯ ಗಟ್ಟಿ ನೆಲ ಇರುವುದೇ ಹೆಚ್ಚು, ಮತ್ತು ಅಂಥಲ್ಲಿ ಕಿರಿದಾದ ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹಿಡಿಯುವಾಗ ಅಗಲದ್ದು ಮೇಲೆಯೇ ತೇಲಿ, ಅಡಕೆಯ ಹಾಳೆಯ ಮೇಲೆ ಕೂತ ಹುಡುಗನಂತೆ, ಚರಂಡಿಯ ಕಡೆಗೆ ಸಲೀಸಾಗಿ ಜಾರುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು ಆರೇ ಇಂಚು ಅಗಲದ, 6.00-16 ಎಂಬ ಸಪೂರ ಟೈರು. 1947ರಿಂದ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸತೊಡಗಿದ ಜೀಪಿನ ವಂಶವೂ ಬಹುಕಾಲ ಇಂಥ ಸಪೂರ ಕಾಲುಗಳ ಮೇಲೆಯೇ ನಡೆಯಿತು, ಮತ್ತು ಕೊಡಚಾದ್ರಿಯ ಆ ದಾರಿಯಲ್ಲಿ, ಅದನ್ನು ದಾರಿ ಎಂದು ಕರೆಯಬಹುದಾದರೆ, ಯಾತ್ರಿಕರನ್ನು ದಿನವೂ ಕುಲುಕಿ ಹತ್ತಿಸುವ ಚಾಲಕರಿಗೆ ಟೈರಿನ ಅಗಲಕ್ಕಿಂತ ಯಾವ ಕಲ್ಲಿನ ಮೇಲೆ ಗಾಲಿ ಇಡಬೇಕೆಂಬ ನೆನಪೇ ದೊಡ್ಡ ಬಂಡವಾಳ. ಎತ್ತರ ಬೇಕು, ಅಗಲ ಬೇಡ ಎಂಬುದೇ ಈ ನೆಲದ ಬೇಡಿಕೆ. ಅಂಥ ಟೈರು ಬದಿಯಿಂದ ನೋಡಿದರೆ ಸೊಗಸು, ಹಿಂದಿನಿಂದ ನೋಡಿದರೆ ಬಡಕಲು. ಒಡೆಯನ ದುರದೃಷ್ಟಕ್ಕೆ ನೆಂಟರಿಷ್ಟರು ಗಾಡಿಯನ್ನು ಹಿಂದಿನಿಂದಲೇ ನೋಡುತ್ತಾರೆ.

ಕೆಸರಿಗೆ ಇನ್ನೊಂದು ಉಪಾಯವೂ ಇದೆ. ಟೈರಿನ ಗಾಳಿಯನ್ನು 28ರಿಂದ 18 ಪೌಂಡಿಗೆ ಇಳಿಸಿದರೆ ಟೈರು ಉದ್ದಕ್ಕೆ ಚಪ್ಪಟೆಯಾಗಿ ಹೆಚ್ಚು ನೆಲವನ್ನು ತಬ್ಬಿಕೊಳ್ಳುತ್ತದೆ, ಕಲ್ಲಿನ ಮೇಲೆ ಪುಟಿಯದೆ ಬಾಗುತ್ತದೆ. ಡಾಂಬರು ಸೇರಿದೊಡನೆ ಪಂಪು ಹಿಡಿದು ಮತ್ತೆ ಗಾಳಿ ತುಂಬಿಕೊಂಡರಾಯಿತು. ಪುಕ್ಕಟೆಯಾದ ಕಾರಣ ಈ ಉಪಾಯಕ್ಕೆ ಮರ್ಯಾದೆಯಿಲ್ಲ.

ಖರ್ಚು ತಗ್ಗಿಸಲು ಈ ವರ್ಷ ಎರಡು, ಕಾಫಿ ಮಾರಿದ ಮೇಲೆ ಇನ್ನೆರಡು ಎಂಬ ಕಂತಿನ ಯೋಜನೆಯೂ ಇಲ್ಲಿ ನಡೆಯುವುದಿಲ್ಲ. ಲಿವರ್ ಎಳೆದಾಗ ಹಿಂದಿನ ಮತ್ತು ಮುಂದಿನ ಶಾಫ್ಟುಗಳು ಒಂದೇ ಸಮನೆ ಸುತ್ತುವಂತೆ ಬಿಗಿದುಕೊಳ್ಳುತ್ತವೆ. ಮುಂದೆ ಚಿಕ್ಕ ಗಾಲಿ, ಹಿಂದೆ ದೊಡ್ಡ ಗಾಲಿ ಇದ್ದರೆ ಒಂದೇ ನೊಗಕ್ಕೆ ಕಟ್ಟಿದ ಎತ್ತು ಮತ್ತು ಕರುವಿನಂತೆ ಅವು ಪರಸ್ಪರ ಜಗ್ಗಾಡಿ ನಡುವಿನ ಗೇರು ಪೆಟ್ಟಿಗೆಯನ್ನು ಹಿಂಡುತ್ತವೆ. ಆದ್ದರಿಂದ ನಾಲ್ಕೂ ಒಟ್ಟಿಗೆ ಬರಬೇಕು, ಜೊತೆಗೆ ಐದನೆಯದಾಗಿ ಸ್ಟೆಪ್ನಿ. ವೇಲ್ಸ್‌ನ ಲಾನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಬಿಡಿಗಾಲಿಯ ಹೆಸರನ್ನು ಆ ದೇಶದವರು ಮರೆತರೂ ಕನ್ನಡಿಗರು ನಿಷ್ಠೆಯಿಂದ ಉಳಿಸಿಕೊಂಡಿದ್ದಾರೆ. ಹೊಸ ಸ್ಟೆಪ್ನಿಯ ಭಾರಕ್ಕೆ ಜಿಪ್ಸಿಯ ಹಿಂಬಾಗಿಲು ಜೋತು, ಮುಚ್ಚುವಾಗಲೆಲ್ಲ ಮೊಣಕಾಲಿನಿಂದ ಎತ್ತಿಕೊಡಬೇಕಾಗುತ್ತದೆ.

ತೆಗೆದ ಐದು ಹಳೆಯ ಟೈರುಗಳನ್ನು ಯಾರೂ ಮಾರುವುದಿಲ್ಲ. ಅವು ಕೊಟ್ಟಿಗೆಯ ಅಟ್ಟ ಸೇರುತ್ತವೆ. ಕಾರಣವಿದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ಗಾಡಿಯ ಮೂಲ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ಒಪ್ಪುವುದಿಲ್ಲ, ಮತ್ತು ಹದಿನೈದು ವರ್ಷ ದಾಟಿದ ಸ್ವಂತದ ಗಾಡಿ ಐದು ವರ್ಷಕ್ಕೊಮ್ಮೆ ಆರ್.ಟಿ.ಓ. ಕಚೇರಿಯ ಅಂಗಳದಲ್ಲಿ ತಪಾಸಣೆಗೆ ನಿಲ್ಲಬೇಕು. ಆ ದಿನ ಹಳೆಯ ಟೈರುಗಳು ಅಟ್ಟದಿಂದ ಇಳಿದು, ಧೂಳು ಕೊಡವಿಕೊಂಡು, ತಮ್ಮ ಸ್ಥಾನಕ್ಕೆ ಮರಳುತ್ತವೆ. ಜಿಪ್ಸಿ ಸದ್ದಿಲ್ಲದೆ ಓಡುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಏರನ್ನು ಎರಡನೆಯ ಗೇರು ಹತ್ತಿಸುತ್ತದೆ, ಮೀಟರು ಹಳೆಯ ಲೆಕ್ಕಕ್ಕೆ ಮರಳುತ್ತದೆ, ಐದು ವರ್ಷಗಳಿಂದ ಮಣೆ ಇಟ್ಟುಕೊಂಡು ಹತ್ತುತ್ತಿದ್ದ ಮನೆಯ ಅಜ್ಜಿ ತಾವೇ ಹತ್ತಿ ಕೂತು “ಗಾಡಿ ರಿಪೇರಿ ಮಾಡ್ಸಿದ್ಯೇನೋ, ಚೆನ್ನಾಗಾಗಿದೆ” ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಒಡೆಯ ಜಾಕಿಯನ್ನು ಹುಡುಕುತ್ತಿರುತ್ತಾನೆ.