ರ‍್ಯಾಮ್ ಕೋಟಿ

ದಕ್ಷಿಣ ಬೆಂಗಳೂರಿನವರ ಭಕ್ತಿಗೆ ಲೆಕ್ಕ ಬೇಕು. ಸುಮ್ಮನೆ ‘ದೇವರೇ’ ಎಂದು ಕೈಮುಗಿದು ಬಂದುಬಿಡುವುದು ನಮ್ಮ ಜಾಯಮಾನವಲ್ಲ. ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರು ಇಂತಿಷ್ಟು ವಾರ ಎಂದು ಮೊದಲೇ ಹೇಳಿಕೊಂಡಿರುತ್ತಾರೆ. ಜಯನಗರ 5ನೇ ಬ್ಲಾಕಿನ ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕುವವರ ತುಟಿಯನ್ನು ಗಮನಿಸಿ. ಸ್ತೋತ್ರದ ನಡುನಡುವೆ ‘ಇಪ್ಪತ್ತೊಂದು, ಇಪ್ಪತ್ತೆರಡು’ ನುಸುಳುತ್ತಿರುತ್ತದೆ. ರಾಗಿಗುಡ್ಡದ ಮೆಟ್ಟಿಲು ಹತ್ತುವವರಲ್ಲಿ ಕೆಲವರು ಆಂಜನೇಯನಿಗಾಗಿ ಹತ್ತಿದರೆ, ಇನ್ನು ಕೆಲವರು ಕೈಗೆ ಕಟ್ಟಿದ ಸ್ಮಾರ್ಟ್ ವಾಚಿನ ಹೆಜ್ಜೆ ಲೆಕ್ಕಕ್ಕಾಗಿ ಹತ್ತುತ್ತಾರೆ. ಪುಣ್ಯ ಇಬ್ಬರಿಗೂ ಬರುತ್ತದೆ; ಎರಡನೆಯವರಿಗೆ ಅದರ ಗ್ರಾಫೂ ಬರುತ್ತದೆ.

ಮಾಧವನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರುವ ಹಿರಿಯರೊಬ್ಬರ ತೋರುಬೆರಳಿನಲ್ಲಿ ಉಂಗುರದಂಥ ಪುಟ್ಟ ಕೌಂಟರ್ ಇರುತ್ತದೆ. ಗುಂಡಿ ಒತ್ತಿದರೆ ಒಂದು ನಾಮ. ಎದುರು ಸಿಕ್ಕವರ ಜೊತೆ ರಸ್ತೆಗುಂಡಿ, ನೀರಿನ ಬಿಲ್ಲು, ಸೊಸೆಯ ತವರು ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದರೂ ಅವರ ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ಒತ್ತುತ್ತಲೇ ಇರುತ್ತದೆ. ಸಂಜೆಗೆ ದೇವರ ಖಾತೆಗೆ ಜಮೆಯಾದದ್ದರಲ್ಲಿ ನಾಮ ಎಷ್ಟು, ಬೈಗುಳ ಎಷ್ಟು ಎಂಬುದನ್ನು ಆ ಯಂತ್ರ ಬಿಡಿಸಿ ಹೇಳುವುದಿಲ್ಲ.

ಇಂಥ ಊರಿನಲ್ಲಿ ಮನೆಗೊಬ್ಬರು ಭಕ್ತರು, ಮನೆಗೊಬ್ಬರು ಸಾಫ್ಟ್‌ವೇರಿನವರು. ಎರಡೂ ಪಂಗಡ ಒಂದೇ ಊಟದ ಮೇಜಿಗೆ ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ದೊಡ್ಡಮ್ಮನ ಮನೆಯಲ್ಲಿ ನೋಡಬೇಕು.

ದೊಡ್ಡಮ್ಮನ ಮನೆ ಜಯನಗರ 4ನೇ ‘ಟಿ’ ಬ್ಲಾಕಿನಲ್ಲಿ. ಅವರು ರಾಮಕೋಟಿ ಬರೆಯಲು ಕೂತದ್ದು ತಮ್ಮ 68ನೇ ವಯಸ್ಸಿನಲ್ಲಿ. ಗಾಂಧಿ ಬಜಾರಿನಿಂದ ತಂದ ಪುಸ್ತಕ. ಹಾಳೆಯ ತುಂಬ ಸಣ್ಣ ಸಣ್ಣ ಚೌಕ, ಚೌಕಕ್ಕೊಂದು ‘ಶ್ರೀರಾಮ’. ಹಸಿರು ರೀಫಿಲ್ಲಿನ ಪೆನ್ನು. ಟೀವಿ, ಕುಕ್ಕರು, ಗೇಟು ಮೂರೂ ಕಣ್ಣಿಗೆ ಬೀಳುವಂಥ ಜಾಗ ಹುಡುಕಿ ಊಟದ ಮೇಜಿನ ಒಂದು ಮೂಲೆಯಲ್ಲಿ ಕೂರುತ್ತಾರೆ. ಆ ಪುಸ್ತಕಗಳನ್ನು ತಿರುವಿ ಹಾಕಿದರೆ ಮನೆಯ ಚರಿತ್ರೆಯೇ ಸಿಗುತ್ತದೆ. ಧಾರಾವಾಹಿಯ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸುವ ಹೊತ್ತಿಗೆ ‘ಶ್ರೀ’ಯ ದೀರ್ಘ ಚೌಕ ದಾಟಿ ಪಕ್ಕದ ರಾಮನ ತಲೆಯ ಮೇಲೆ ಹೋಗಿ ಕೂತಿರುತ್ತದೆ. ಒಂದು ಪುಟದಲ್ಲಿ ಸಾರಿನ ಕಲೆ. ಇನ್ನೊಂದು ಪುಟದ ನಟ್ಟನಡುವೆ, ಅದೇ ಹಸಿರು ಶಾಯಿಯಲ್ಲಿ, ‘ಶ್ರೀರಾಮ, ಶ್ರೀರಾಮ, ಉದ್ದಿನಬೇಳೆ ಅರ್ಧ ಕೆಜಿ, ಶ್ರೀರಾಮ’. ಅದನ್ನು ಹೊಡೆದು ಹಾಕಿಲ್ಲ. ಕೇಳಿದರೆ, “ರಾಮನಿಗೆ ಅರ್ಥವಾಗತ್ತೆ ಬಿಡು, ಅವನೂ ಸಂಸಾರ ಮಾಡಿದವನೇ” ಎನ್ನುತ್ತಾರೆ.

ದಿನಕ್ಕೆ ಸಾವಿರ ನಾಮ ಅವರ ನೇಮ. ದಿನಕ್ಕೆ ಸಾವಿರವೆಂದರೆ ಕೋಟಿಗೆ 10,000 ದಿನ. ಅಂದರೆ 27 ವರ್ಷ ಮತ್ತು ಚಿಲ್ಲರೆ. ಈ ಲೆಕ್ಕ ಹಾಕಿ ನಮ್ಮ ದೊಡ್ಡಪ್ಪ ಹೌಹಾರಿದ್ದರು. ದೊಡ್ಡಮ್ಮ ಹೌಹಾರಲಿಲ್ಲ.

ಹೌಹಾರಿದ ಇನ್ನೊಬ್ಬನೆಂದರೆ ಅವರ ಮೊಮ್ಮಗ. ಬಿಟಿಎಂ ಲೇಔಟಿನಲ್ಲಿ ಗೆಳೆಯರೊಂದಿಗೆ ಬಾಡಿಗೆಗೆ ಇದ್ದಾನೆ. ಶನಿವಾರ ಅಜ್ಜಿಯ ಕೈ ಹುಳಿ ಉಣ್ಣಲು ಲ್ಯಾಪ್‌ಟಾಪ್ ಬ್ಯಾಗಿನ ಸಮೇತ ಹಾಜರಾಗುತ್ತಾನೆ. ಎಲ್ಲರೂ ಉಂಡು ಒರಗಿದ ಮೇಲೂ ಆ ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಟ್ಟುತ್ತಿದ್ದುದರಿಂದ ನಮಗೆ ಅವನ ಗುಟ್ಟು ತಿಳಿಯಿತು. ಅವನು ಸಂಕಲ್ಪ ಮಾಡುತ್ತಿದ್ದ. ಅಂದರೆ, ಲ್ಯಾಪ್‌ಟಾಪು ಮಾಡುತ್ತಿತ್ತು.

ಅದಕ್ಕೆಂದೇ ಸಾಫ್ಟ್‌ವೇರ್‌ಗಳಿವೆ. ತೆರೆದರೆ ಒಂದು ಖಾಲಿ ಪೆಟ್ಟಿಗೆ. ಅದರಲ್ಲಿ ನಿಮ್ಮ ಮನದಿಂಗಿತವನ್ನು ಟೈಪ್ ಮಾಡಿ ‘ಸ್ಟಾರ್ಟ್’ ಒತ್ತಬೇಕು. ಕಂಪ್ಯೂಟರು ಆ ವಾಕ್ಯವನ್ನು ತನ್ನ ಮೆಮೊರಿಯೊಳಗೆ ಮತ್ತೆ ಮತ್ತೆ ಉರು ಹೊಡೆಯುತ್ತದೆ. ಪಕ್ಕದಲ್ಲಿ ಎಣಿಕೆ, ಆಟೋ ಮೀಟರ್ ನಾಚುವಷ್ಟು ಜೋರಾಗಿ ಓಡುತ್ತಿರುತ್ತದೆ. ನೀವು ಹೇಳಿದರೆ ದಿನಕ್ಕೆ ನೂರೋ ಸಾವಿರವೋ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಹೇಳುತ್ತದೆ, ಆಕಳಿಸುವುದೂ ಇಲ್ಲ. ಒಂದೇ ನಿಯಮ: ಕೋರಿಕೆ ಈಗಾಗಲೇ ಈಡೇರಿದೆ ಎಂಬಂತೆ ಬರೆಯಬೇಕು. ಮೊಮ್ಮಗನ ಪೆಟ್ಟಿಗೆಯಲ್ಲಿ ‘ನನಗೆ ಪ್ರಮೋಷನ್ ಸಿಕ್ಕಿದೆ’ ಎಂದಿತ್ತು.

ದೊಡ್ಡಮ್ಮ ಕನ್ನಡಕ ಏರಿಸಿ ಓದಿದರು. “ಸಿಕ್ಕಿದೆಯಾ?”

“ಇನ್ನೂ ಇಲ್ಲ ಅಜ್ಜಿ.”

“ಮತ್ತೆ ದೇವರ ಹತ್ತಿರ ಸುಳ್ಳು ಯಾಕೋ ಹೇಳಿಸ್ತೀಯ, ಅದೂ ಲಕ್ಷ ಸಲ?”

ಅವನು ಬ್ರಹ್ಮಾಂಡ, ತರಂಗ, ಕಂಪನ ಎಂದೆಲ್ಲ ಬಿಡಿಸಿ ಹೇಳಿದ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಸರಿ. ನಿನ್ನ ಗೋತ್ರ ಹಾಕಿಲ್ಲವಲ್ಲ?” ಎಂದರು.

ಮಾತಿನಲ್ಲಿ ಹುರುಳಿತ್ತು. ನಮ್ಮ ಪುರೋಹಿತರು ಸಂಕಲ್ಪ ಹೇಳಿಸುವ ಕ್ರಮ ನೋಡಿ. ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧದಿಂದ ಹೊರಟು ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ ಎಂದು ಇಳಿದು, ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎಂದು ಜಾಗ ಗುರುತಿಸಿ, ಸಂವತ್ಸರ, ತಿಥಿ, ಗೋತ್ರ, ನಕ್ಷತ್ರ, ಹೆಸರು ಎಲ್ಲ ಹೇಳಿದ ಮೇಲೆಯೇ ಬೇಡಿಕೆಯ ಮಾತು. ಅಮೆರಿಕಕ್ಕೆ ಹೋದವರಿಗೂ ತೊಂದರೆಯಾಗದಂತೆ ಅಲ್ಲಿನ ಪುರೋಹಿತರು ಕ್ರೌಂಚದ್ವೀಪ ಎಂದು ವಿಳಾಸ ಬದಲಿಸಿ ಕೊಟ್ಟಿದ್ದಾರೆ. ಇಷ್ಟು ಪಕ್ಕಾ ವಿಳಾಸ ಬರೆದ ಕಾಗದಗಳನ್ನೇ ಓದಿ ಮುಗಿಸಲಾಗದೆ ಕೂತಿರುವ ದೇವರು ಬರೀ ‘ನನಗೆ’ ಎಂಬ ಅನಾಮಧೇಯ ಅರ್ಜಿಯನ್ನು ಯಾವ ಕಡತಕ್ಕೆ ಹಾಕಬೇಕು? “ನಿಮ್ಮ ಆಫೀಸಿನಲ್ಲಿ ಇರೋವರೆಲ್ಲ ‘ನನಗೆ’ ಅಂತಲೇ ತಾನೇ ಬೇಡೋದು?” ಎಂಬ ದೊಡ್ಡಮ್ಮನ ಪ್ರಶ್ನೆಗೆ ಮೊಮ್ಮಗನ ಬಳಿ ಉತ್ತರವಿರಲಿಲ್ಲ.

ಹಾಗೆಂದು ದೊಡ್ಡಮ್ಮ ಯಂತ್ರವಿರೋಧಿಯೇನಲ್ಲ. ಅವರ ದೇವರಮನೆಯ ಪ್ಲಗ್ಗಿನಲ್ಲಿ ಮಂತ್ರದ ಪೆಟ್ಟಿಗೆಯೊಂದು ಹಗಲೂ ರಾತ್ರಿ ಗಾಯತ್ರಿ ಹೇಳುತ್ತಿರುತ್ತದೆ. ಅವರು ಹೋಗುವ ಗುಡಿಯಲ್ಲಿ ಮಂಗಳಾರತಿಗೆ ನಗಾರಿ, ಜಾಗಟೆ, ಗಂಟೆ ಮೂರನ್ನೂ ಒಂದು ಮೋಟಾರು ಬಾರಿಸುತ್ತದೆ. ಅರ್ಚಕರ ಮಗ ಸ್ವಿಚ್ಚು ಒತ್ತುತ್ತಾನೆ. ರಾಮನವಮಿ ಕಚೇರಿಯಲ್ಲಿ ಗಾಯಕರ ಪಕ್ಕ ಶ್ರುತಿ ಹಿಡಿದು ಕೂರುವ ಎಲೆಕ್ಟ್ರಾನಿಕ್ ತಂಬೂರಿಯೂ ನಮ್ಮೂರಿನದೇ. ಬೆಂಗಳೂರಿನ ರಾಜ್‌ನಾರಾಯಣ್ ಅದನ್ನು 1979ರಲ್ಲಿ ರೂಪಿಸಿದರು. ಹಿಂದೆ ಕೂತು ತಂತಿ ಮೀಟುತ್ತಲೇ ತೂಕಡಿಸುತ್ತಿದ್ದ ಶಿಷ್ಯನಿಗೆ ಅದರಿಂದ ಬಿಡುಗಡೆ ಸಿಕ್ಕಿತು. ಯಂತ್ರವೆಲ್ಲ ಬರುವ ಮೊದಲೂ ನಾವು ಜಪವನ್ನು ಬೇರೆಯವರಿಗೆ ವಹಿಸಿದವರೇ. ರಾಹು ಕಾಡಿದರೆ 18 ಸಾವಿರ ಜಪ ಎಂದು ದಕ್ಷಿಣೆ ಕೊಟ್ಟು ಪುರೋಹಿತರನ್ನು ಕೂರಿಸಿ, ನಾವು ಆಫೀಸಿಗೆ ಹೋಗುತ್ತಿದ್ದೆವು.

ಬೈಲುಕುಪ್ಪೆಗೆ ಹೋದರೆ ಈ ವಿದ್ಯೆ ಇನ್ನೂ ಹಳೆಯದೆಂದು ತಿಳಿಯುತ್ತದೆ. 1960ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದು ನೆಲೆಸಿದ ಟಿಬೆಟನ್ನರು ಪ್ರಾರ್ಥನಾ ಚಕ್ರಗಳನ್ನೂ ತಂದರು. ಚಕ್ರದ ಹೊಟ್ಟೆಯೊಳಗೆ ಮಂತ್ರವನ್ನು ಸಾವಿರಾರು ಸಲ ಅಚ್ಚು ಮಾಡಿದ ಕಾಗದದ ಸುರುಳಿ. ಒಂದು ಸುತ್ತು ತಿರುಗಿಸಿದರೆ ಅಷ್ಟನ್ನೂ ಪಠಿಸಿದ ಪುಣ್ಯ. ಕೈಯಿಂದ ತಿರುಗಿಸುವುದೂ ಬೇಡವೆಂದು ಹರಿಯುವ ನೀರಿಗೆ, ಬೀಸುವ ಗಾಳಿಗೆ ಚಕ್ರ ಒಡ್ಡಿದವರೂ ಆ ಪರಂಪರೆಯಲ್ಲಿದ್ದಾರೆ. ಹಾರ್ಡ್ ಡಿಸ್ಕಿನಲ್ಲಿ ಮಂತ್ರ ತುಂಬಿಸಿ ತಿರುಗಲು ಬಿಡಬಹುದೆಂದು ಹೊಳೆದವರದ್ದು ಅದರ ಮುಂದಿನ ಹೆಜ್ಜೆ, ಅಷ್ಟೆ. ಇನ್ನು ಸುಮಾರು ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಎಮಿಲ್ ಕುಯೆ ಎಂಬ ಔಷಧ ವ್ಯಾಪಾರಿ, ದಿನದಿನಕ್ಕೂ ತಾನು ಎಲ್ಲ ಬಗೆಯಲ್ಲೂ ಸುಧಾರಿಸುತ್ತಿರುವೆ ಎಂಬರ್ಥದ ವಾಕ್ಯವನ್ನು ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ 20 ಸಲ ಹೇಳಿಕೊಳ್ಳಲು ಕಲಿಸಿದ. ಲೆಕ್ಕಕ್ಕೆ 20 ಗಂಟಿನ ದಾರ. ಜಪಸರವನ್ನು ಬಿಟ್ಟು ಹೋಗಲು ಫ್ರೆಂಚರಿಂದಲೂ ಆಗಲಿಲ್ಲ. ಬಲವಂತದ ಏಕಾಗ್ರತೆ ಬೇಡ, ಯಂತ್ರದಂತೆ ಹೇಳಿ ಎಂಬುದು ಅವನ ಬೋಧೆ. ಆ ಲೆಕ್ಕದಲ್ಲಿ ಅವನ ಪರಮಶಿಷ್ಯ ಲ್ಯಾಪ್‌ಟಾಪೇ.

ತಕರಾರು ಬರುವುದು ದರ್ಜೆಯ ವಿಚಾರದಲ್ಲಿ. ಮನುಸ್ಮೃತಿಯ ಎರಡನೆಯ ಅಧ್ಯಾಯದ ಪ್ರಕಾರ ವಿಧಿಯಜ್ಞಕ್ಕಿಂತ ಜಪ 10 ಪಟ್ಟು ಮೇಲು. ಪಕ್ಕದವರಿಗೂ ಕೇಳಿಸದ ಉಪಾಂಶು 100 ಪಟ್ಟು. ಮನಸ್ಸಿನಲ್ಲೇ ಮಾಡುವ ಮಾನಸ ಜಪ 1,000 ಪಟ್ಟು. ಲ್ಯಾಪ್‌ಟಾಪಿನದು ಯಾವುದು? ಬಾಯಿ ತೆರೆದು ಹೇಳುವುದಿಲ್ಲ, ಆದ್ದರಿಂದ ವಾಚಿಕವಲ್ಲ. ಮಾನಸವೆನ್ನೋಣವೆಂದರೆ ಮನಸ್ಸಿಲ್ಲ. ಫ್ಯಾನಿನ ಗೊಣಗಾಟವನ್ನು ಉಪಾಂಶುವೆಂದು ಪರಿಗಣಿಸಿ 100 ಪಟ್ಟು ಕೊಡಬಹುದೆಂದು ನಾನು ತೀರ್ಪು ಕೊಟ್ಟೆ. ಮೊಮ್ಮಗನಿಗೆ ಸಮಾಧಾನವಾಯಿತು.

ಆ ಸಮಾಧಾನದಲ್ಲೇ ಅವನು ಅಜ್ಜಿಗೊಂದು ಉಪಕಾರ ಮಾಡಲು ಹೊರಟ. ಕೋಟಿ ರಾಮನಾಮವನ್ನು ಹೇಳಲು ತಾನೇ ಒಂದು ಪ್ರೋಗ್ರಾಮ್ ರಚಿಸಿದ. ಅವನ ಪ್ರೊಸೆಸರ್ 3 ಗಿಗಾಹರ್ಟ್ಜ್‌ನದು. ಸೆಕೆಂಡಿಗೆ 300 ಕೋಟಿ ಮಿಡಿತ. ಗುಂಡಿ ಒತ್ತಿದ. ಒತ್ತಿದ್ದೇ ತಡ, ಮುಗಿಯಿತು. ಇಷ್ಟು ಬೇಗ ಹೇಗೆ ಎಂದು ಅವನಿಗೇ ಗುಮಾನಿ ಬಂದು ಒಳಹೊಕ್ಕು ನೋಡಿದರೆ, ಯಂತ್ರ ಒಂದೇ ಒಂದು ರಾಮನಾಮವನ್ನೂ ಹೇಳಿರಲಿಲ್ಲ.

ಆದದ್ದಿಷ್ಟು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸಲು ಕಂಪೈಲರ್ ಎಂಬ ಮಧ್ಯಸ್ಥನಿರುತ್ತಾನೆ. ವೇಗದ ಕೆಲಸ ಬೇಕೆಂದು ಕೇಳಿದರೆ ಅವನು ಎಲ್ಲವನ್ನೂ ಓದಿ, ಮುಂದೆ ಯಾರಿಗೂ ಬೇಕಾಗದ ಲೆಕ್ಕ, ಯಾವ ಫಲವನ್ನೂ ಕೊಡದ ಆವರ್ತನೆ ಕಂಡರೆ ಕಿತ್ತು ಬಿಸಾಡುತ್ತಾನೆ. ಕೋಟಿ ಸಲ ರಾಮ ಎನ್ನುವುದು, ಅದರಿಂದ ಏನನ್ನೂ ಬಯಸದಿರುವುದು. ಕಂಪೈಲರಿಗೆ ಇದು ಶುದ್ಧ ದಂಡ. ಗೀತೆಯ ನಿಷ್ಕಾಮ ಕರ್ಮದ ಅಧ್ಯಾಯವನ್ನು ಅವನ ಕೈಗೆ ಕೊಟ್ಟರೆ ಖಾಲಿ ಹಾಳೆ ವಾಪಸು ಬಂದೀತು. ಕೊನೆಗೆ ಮೊಮ್ಮಗ, ಹೇಳಿದ ಪ್ರತಿ ನಾಮವನ್ನೂ ಒಂದು ಫೈಲಿಗೆ ಬರೆಯಬೇಕೆಂದು ತಿದ್ದಿದ. ಫಲ ಕಣ್ಣಿಗೆ ಕಾಣುವಂತಾದ ಮೇಲೆ ಕಂಪೈಲರ್ ತೆಪ್ಪಗೆ ಒಪ್ಪಿಕೊಂಡ. ದೊಡ್ಡಮ್ಮ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಕೋಟಿ ಪೂರ್ತಿ.

“ಅಜ್ಜಿ, ನಿನ್ನ ರಾಮಕೋಟಿ ಮುಗೀತು. ಪುಸ್ತಕ ಎತ್ತಿಡು. ತ್ಯಾಗರಾಜರ 96 ಕೋಟಿಯನ್ನೂ ಊಟಕ್ಕೆ ಮುಂಚೆ ಮುಗಿಸಿಬಿಡಲಾ? ಅವರು 21 ವರ್ಷ ತಗೊಂಡರಂತೆ. ಲೆಕ್ಕ ಹಾಕಿದೆ, ದಿನಕ್ಕೆ ಸುಮಾರು ಒಂದೂಕಾಲು ಲಕ್ಷ. ದಿನಕ್ಕೆ ಇರೋದೇ 86,400 ಸೆಕೆಂಡು. ಅದು ಮನುಷ್ಯರಿಂದ ಆಗೋ ಕೆಲಸ ಅಲ್ಲ.”

“ಅದಕ್ಕೇ ಅವರು ತ್ಯಾಗರಾಜರು, ನೀನು ಟೀಮ್ ಲೀಡು” ಎಂದರು ದೊಡ್ಡಮ್ಮ. ಆಮೇಲೆ ಸೌಟು ಕೆಳಗಿಟ್ಟು, ಮುಖ ಬಿಗಿದು ಕೇಳಿದರು: “ಮುಗಿಸು ಅಂತ ನಿನಗೆ ಯಾರೋ ಹೇಳಿದ್ದು?”

ಅಲ್ಲಿಯವರೆಗೆ ಆ 27 ವರ್ಷದ ಲೆಕ್ಕವನ್ನು ನಾವೆಲ್ಲ ಕಷ್ಟದ ಬಾಬತ್ತೆಂದೇ ತಿಳಿದಿದ್ದೆವು. 68ಕ್ಕೆ 27 ಕೂಡಿಸಿದರೆ 95 ಎಂಬುದು ದೊಡ್ಡಮ್ಮನಿಗೆ ಮೊದಲಿಂದಲೂ ಗೊತ್ತಿತ್ತು. ಪುಸ್ತಕದ ಮೇಲೆ ಕೈಯಿಟ್ಟುಕೊಂಡೇ ಅವರು ಬಿಡಿಸಿ ಹೇಳಿದರು: “ಯಮ ಬಂದ ಅಂತಿಟ್ಟುಕೋ. ರಾಮನ ಕೆಲಸ ಅರ್ಧಕ್ಕೆ ನಿಂತಿದೆ, ಆಮೇಲೆ ಬಾಪ್ಪ ಅನ್ನಬಹುದು. ಅವನಿಗೂ ರಾಮನ ಹೆಸರಂದ್ರೆ ಭಯ, ತಿರುಗಿ ಹೋಗ್ತಾನೆ. ನೀನು ಮುಗಿಸಿ ಕೂರಿಸಿದರೆ ಏನು ಹೇಳಲಿ? ಟೀವಿ ನೋಡ್ತಿದೀನಿ ಅನ್ನಲಾ?”

ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ಇಂಥದೇ ಒಂದು ಕಥೆ ಬರೆದಿದ್ದಾರೆ, ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’. ಟಿಬೆಟಿನ ಮಠವೊಂದರ ಲಾಮಾಗಳು ದೇವರ ಎಲ್ಲ ಹೆಸರುಗಳನ್ನೂ ಬರೆಯುತ್ತ ಕೂತಿದ್ದಾರೆ. ಕೈಯಲ್ಲಾದರೆ 15,000 ವರ್ಷದ ಕೆಲಸ. ಕಂಪ್ಯೂಟರ್ ತರಿಸುತ್ತಾರೆ, 100 ದಿನದಲ್ಲಿ ಮುಗಿಯುತ್ತದೆ. ಮುಗಿದ ಆ ರಾತ್ರಿ ಆಕಾಶದ ನಕ್ಷತ್ರಗಳು ಒಂದೊಂದಾಗಿ ಆರಿಹೋಗುತ್ತವೆ. ಲಾಮಾಗಳ ಪ್ರಕಾರ ಪ್ರಪಂಚ ಇರುವುದೇ ಆ ಪಟ್ಟಿ ಪೂರ್ತಿಯಾಗುವ ತನಕ. ಕಥೆಯನ್ನು ದೊಡ್ಡಮ್ಮನಿಗೆ ಹೇಳಿದೆ. ಅವರಿಗೇನೂ ಆಶ್ಚರ್ಯವಾಗಲಿಲ್ಲ. “ನಾನು ಹೇಳಿದ್ದೂ ಅದನ್ನೇ ತಾನೇ” ಎಂದು, ಒಂದು ಚೌಕ ತುಂಬಿ ಮುಂದಿನದಕ್ಕೆ ಹೋದರು.

ಮೊಮ್ಮಗ ಮಾಡಿದ ಕೋಟಿಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿಯಿತು. ಅಳಿಸಲು ಯಾರಿಗೂ ಧೈರ್ಯವಿಲ್ಲ; ರಾಮನ ಹೆಸರು, ಅದೂ ಕೋಟಿ. ಯಂತ್ರದ ಪುಣ್ಯವನ್ನು ಅಜ್ಜಿಯ ಹೆಸರಿಗೆ ವರ್ಗ ಮಾಡೋಣವೆಂದು ಅವನು ಸೂಚಿಸಿದ. ದೊಡ್ಡಮ್ಮನ ಬಳಿ ಅದಕ್ಕೂ ಶಾಸ್ತ್ರವಿತ್ತು. ಪುರೋಹಿತರು ಜಪ ಮಾಡಿದರೂ ಫಲ ಅವರದೇ. ಕೊನೆಯ ದಿನ ಅವರು ನೀರು, ಅಕ್ಷತೆ ಬಿಟ್ಟು ಧಾರೆ ಎರೆದು ಕೊಟ್ಟು, ನಾವು ದಕ್ಷಿಣೆ ಕೊಟ್ಟ ಮೇಲೇ ಅದು ನಮಗೆ ದಾಟುವುದು. “ನಿನ್ನ ಲ್ಯಾಪ್‌ಟಾಪ್ ಧಾರೆ ಎರೆಯತ್ತಾ? ನೀರು ತಗಲಿಸಿದರೆ ವಾರಂಟಿ ಹೋಗತ್ತೆ ಅಂತ ಲೋಟಾನೂ ಪಕ್ಕದಲ್ಲಿ ಇಡೋಕೆ ಬಿಡಲ್ಲ ನೀನು.” ಲ್ಯಾಪ್‌ಟಾಪು ಆಫೀಸಿನದಾದ್ದರಿಂದ, ಪುಣ್ಯ ಹಾಗೇ ಉಳಿದರೆ ಕಂಪನಿಗೆ ಸೇರುತ್ತದೋ ಎಂಬ ಕಾನೂನಿನ ತೊಡಕೂ ಎದ್ದು, ಮಾತು ಅಲ್ಲಿಗೇ ನಿಂತಿತು. ಪ್ರಮೋಷನ್ನಿನ ಜಪ ಮಾತ್ರ ರಾತ್ರಿ ಹಗಲೂ ನಡೆದೇ ಇತ್ತು.

ಅಪ್ರೈಸಲ್ ಮುಗಿದ ಮೇಲಿನ ಶನಿವಾರ ಮೊಮ್ಮಗ ಮುಖ ಇಳಿಬಿಟ್ಟುಕೊಂಡು ಬಂದ. ಪ್ರಮೋಷನ್ ಮುಂದಿನ ವರ್ಷಕ್ಕೆ ಹೋಗಿತ್ತು. ಆದರೆ ಬ್ಯಾಗು ಬಿಚ್ಚಿದಾಗ ಹೊರಬಂದ ಲ್ಯಾಪ್‌ಟಾಪು ಫಳಫಳ ಹೊಳೆಯುತ್ತಿತ್ತು. ಹಳೆಯದು ವಿಪರೀತ ಬಿಸಿಯಾಗುತ್ತಿದೆಯೆಂದು ಕಂಪನಿಯವರು ಬದಲಾಯಿಸಿ, ಒಂದು ದರ್ಜೆ ಮೇಲಿನದನ್ನು ಕೊಟ್ಟಿದ್ದರು. ಹೊಸ ಪ್ರೊಸೆಸರ್, ದುಪ್ಪಟ್ಟು ರ‍್ಯಾಮ್.

ದೊಡ್ಡಮ್ಮ ಹಸಿರು ಪೆನ್ನು ನಿಲ್ಲಿಸದೆ ಹೇಳಿದರು: “ಜಪ ಮಾಡಿದ್ದು ಅದು. ‘ನನಗೆ’ ಅಂದಿದ್ದೂ ಅದು. ಅದಕ್ಕೇ ಸಿಕ್ತು. ನಿನಗ್ಯಾಕೋ ಹೊಟ್ಟೆಕಿಚ್ಚು? ಕೈ ತೊಳ್ಕೊಂಡು ಬಾ, ಹುಳಿ ಆರಿಹೋಗತ್ತೆ.”